ಎರಡು ಬೆರಳುಗಳ ವಾದನ



ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು 'ಹೆವಿ ಮೆಟಲ್' ಎಂಬ ಪಾಶ್ಚಾತ್ಯ ಸಂಗೀತವನ್ನು ಕೇಳಿಸಿದ. ಹೆಸರಿನ ಅರ್ಥ ಭಾರವಾದ ಲೋಹ. ಅನ್ವರ್ಥನಾಮವೇ ಸರಿ, ನನಗಂತೂ ಕಮ್ಮಾರಸಾಲೆಯ ನೆನಪಾಯಿತು. ಆದರೆ ಅದರ ಹುಟ್ಟಿನ ಕಥೆಯನ್ನು ತಿಳಿದ ಮೇಲೆ ಹಾಗೆ ಹಗುರವಾಗಿ ನುಡಿಯಲು ನಾಲಗೆ ಏಳಲಿಲ್ಲ.

ಕಥೆ ಮೊದಲಾಗುವುದು ಜಾಜ್ ಸಂಗೀತದಿಂದ. ಜಾಂಗೊ ರೈನ್‌ಹಾರ್ಟ್ 1910ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿದವನು. ಅಲೆಮಾರಿಗಳಾದ ರೋಮಾ ಜನಾಂಗದವನು. ಪ್ಯಾರಿಸಿನ ಅಂಚಿನಲ್ಲಿ ಬಂಡಿಯೇ ಮನೆ. 1928ರ ಒಂದು ರಾತ್ರಿ, ಹೆಂಡತಿ ಮಾರಾಟಕ್ಕೆಂದು ಮಾಡಿಟ್ಟಿದ್ದ ಸೆಲ್ಯುಲಾಯ್ಡ್ ಹೂವುಗಳಿಗೆ ಕಿಡಿ ತಗುಲಿ ಬಂಡಿ ಹೊತ್ತಿ ಉರಿಯಿತು. ಹದಿನೆಂಟರ ತರುಣನ ಎಡಗೈಯ ಉಂಗುರಬೆರಳೂ ಕಿರುಬೆರಳೂ ಮುದುಡಿಹೋದವು. ಗಿಟಾರಿನ ತಂತಿಗಳನ್ನು ಒತ್ತಬೇಕಾದ ಕೈ ಅದೇ! ನಮ್ಮ ವೈಣಿಕರು ತೋರುಬೆರಳು, ನಡುಬೆರಳುಗಳಿಂದಲೇ ಮೆಟ್ಟುಗಳ ಮೇಲೆ ಸಂಚರಿಸುತ್ತಾರೆ, ಇದೇನು ಮಹಾ ಎಂದು ತಾವು ಕೇಳಬಹುದು. ಗಿಟಾರಿನಲ್ಲಿ ಹಲವು ತಂತಿಗಳನ್ನು ಏಕಕಾಲಕ್ಕೆ ಒತ್ತಬೇಕಷ್ಟೆ, ಅಲ್ಲಿರುವುದು ಕಷ್ಟ. ಜಾಂಗೊ ಮೊದಲಿನಿಂದ ಕಲಿತ. 1934ರ ವೇಳೆಗೆ ಪಿಟೀಲುವಾದಕ ಸ್ಟೆಫಾನ್ ಗ್ರಾಪೆಲ್ಲಿಯೊಡನೆ ಪ್ಯಾರಿಸಿನಲ್ಲಿ ಐವರ ತಂತಿವಾದ್ಯ ಮೇಳವನ್ನು ಕಟ್ಟಿದ. ಎರಡೇ ಬೆರಳುಗಳಿಂದ ಅವನು ನುಡಿಸಿದ ವೇಗ ಇಂದಿಗೂ ಬೆರಗು ಹುಟ್ಟಿಸುತ್ತದೆ. 1953ರಲ್ಲಿ ತೀರಿಕೊಂಡ.

ಇನ್ನು 1965ಕ್ಕೆ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಬರೋಣ. ಲೋಹದ ತಗಡಿನ ಕಾರ್ಖಾನೆಯಲ್ಲಿ ಹದಿನೇಳು ವರ್ಷದ ಟೋನಿ ಅಯೋಮಿ. ಅಂದು ಅವನ ಕೆಲಸದ ಕೊನೆಯ ದಿನ. ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕತ್ತರಿಸಿಹೋದವು. ಅವನು ಎಡಚ, ತಂತಿ ಒತ್ತುವುದು ಬಲಗೈಯಿಂದ. ಸಂಗೀತ ಮುಗಿಯಿತೆಂದು ಕುಳಿತಿದ್ದವನ ಬಳಿಗೆ ಕಾರ್ಖಾನೆಯ ಮೇಲಧಿಕಾರಿ ಒಂದು ಧ್ವನಿಮುದ್ರಿಕೆಯನ್ನು ತಂದ. ಗಿಟಾರ್ ಕೇಳುವ ಮನಸ್ಸು ಹುಡುಗನಿಗೆಲ್ಲಿ? ಒತ್ತಾಯಕ್ಕೆ ಕೇಳಿದ ಮೇಲೆ, ನುಡಿಸುವವನಿಗೆ ಕೆಲಸಕ್ಕೆ ಬರುವುದು ಎರಡೇ ಬೆರಳುಗಳೆಂದು ತಿಳಿಯಿತು. ಆ ವಾದಕ ಜಾಂಗೊ.

ಹುಡುಗ ಪ್ಲಾಸ್ಟಿಕ್ ಶೀಸೆಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿದ, ಮೇಲೆ ತೊಗಲು ಅಂಟಿಸಿದ. ತೆಳುವಾದ ತಂತಿಗಳನ್ನು ಹೂಡಿದ. ಅವನ 'ಬ್ಲ್ಯಾಕ್ ಸಬ್ಬತ್' ಮೇಳದ ಮೊದಲ ಮುದ್ರಿಕೆ 1970ರಲ್ಲಿ ಹೊರಬಂದಿತು. ಮರುವರ್ಷ ಕೆಲವು ಗೀತೆಗಳಲ್ಲಿ ಶ್ರುತಿಯನ್ನು ಮೂರು ಅರ್ಧಸ್ವರಗಳಷ್ಟು ಇಳಿಸಿದ. ತಂತಿ ಸಡಿಲವಾಗಿ ಬೆರಳಿಗೆ ಹಿತವಾಯಿತು. ನಾದ ಮಂದ್ರಕ್ಕಿಳಿದು ಗಂಭೀರವಾಯಿತು. ಆಮೇಲೆ ಬಂದವರು ಆ ಭಾರವನ್ನೇ ಲಕ್ಷಣವೆಂದು ಹಿಡಿದರು.

ಇಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ಕೇಳಿದೆ. ಜಾಂಗೊವಿನದು ಅಳಿಲಿನ ಓಟ, ಅಯೋಮಿಯದು ಹೇರು ತುಂಬಿದ ಗಾಡಿ ದಿಣ್ಣೆ ಹತ್ತುವ ನಡೆ. ಸ್ವರದಲ್ಲಿ ನನಗೆ ಹೋಲಿಕೆ ಕಾಣಲಿಲ್ಲ. 2025ರ ಜುಲೈ 5ರಂದು ಮೇಳದ ಕೊನೆಯ ಕಛೇರಿ ಬರ್ಮಿಂಗ್‌ಹ್ಯಾಮಿನಲ್ಲೇ ನಡೆಯಿತು. ಅಯೋಮಿಗೆ ಆಗ ಎಪ್ಪತ್ತೇಳು ವರ್ಷ.