ಹಾರುವ ಹುಡುಗಿಯ ನಗೆ



ಬೆಳೆ, ಮಳೆ, ಹಬ್ಬಹರಿದಿನಗಳ ಮಾತು ಈ ವೇಳೆಯಲ್ಲಿ ನೀವು ಬೇಕಾದಷ್ಟು ಕೇಳಿದ್ದೀರಿ. ಇವತ್ತು ಸ್ವಲ್ಪ ಹಗುರವಾದ ವಿಷಯ. ಮಕ್ಕಳ ಚಿತ್ರಕಥೆಯ ಒಬ್ಬ ಹುಡುಗಿಯನ್ನು ನಿಮಗೆ ಪರಿಚಯ ಮಾಡಿಕೊಡುತ್ತೇನೆ. ದೊಡ್ಡವರೂ ಕೇಳಬಹುದು, ದೋಷವಿಲ್ಲ.

ಅವಳ ಹೆಸರು ಮಾಪುಯಿ ಕಾವ್ಲಿಮ್. ವಯಸ್ಸು 13. ಊರು ಮಿಜೋರಾಂ ರಾಜ್ಯದ ಐಜ್ವಾಲ್. 2015ರಲ್ಲಿ ‘ಟಿಂಕಲ್’ ಎಂಬ ಇಂಗ್ಲಿಷ್ ಮಕ್ಕಳ ಪತ್ರಿಕೆಯಲ್ಲಿ ಇವಳ ಕಥೆ ಶುರುವಾಯಿತು. ಕಥೆ ಶಾನ್ ಡಿಮೆಲ್ಲೊ ಅವರದು, ಚಿತ್ರ ವಿನೀತ್ ನಾಯರ್ ಅವರದು. ಮಾಪುಯಿಯ ಅಪ್ಪ ಹೊಸ ಹೊಸ ಯಂತ್ರಗಳನ್ನು ಕಂಡುಹಿಡಿಯುವವನು. ಅವನು ಮಾಡಿಕೊಟ್ಟ ಸಲಕರಣೆ ತೊಟ್ಟರೆ ಮಗಳು ಆಕಾಶಕ್ಕೆ ಹಾರುತ್ತಾಳೆ, ಕಳ್ಳಕಾಕರನ್ನು ಹಿಡಿಯುತ್ತಾಳೆ. ಆಗ ಅವಳು ‘ವಿಂಗ್‌ಸ್ಟಾರ್’.

ಇಷ್ಟೇ ಆಗಿದ್ದರೆ ವಿಶೇಷವೇನಿಲ್ಲ. ಹಾರುವ ವೀರರು 1938ರಲ್ಲಿ ಅಮೆರಿಕದ ಸೂಪರ್‌ಮ್ಯಾನ್ ಬಂದಾಗಿನಿಂದ ಹಾರುತ್ತಲೇ ಇದ್ದಾರೆ. ನಮ್ಮ ಕನ್ನಡದ ‘ಬಾಲಮಂಗಳ’ದಲ್ಲಿ ಡಿಂಗನೆಂಬ ಇಲಿಯೂ ಹಾರಿದ್ದುಂಟು. ಮಾಪುಯಿಯ ವಿಶೇಷ ಬೇರೆ. ಅವಳಿಗೆ ಈ ವೀರತನದ ಕೆಲಸ ಅಷ್ಟೇನೂ ಬೇಕಿಲ್ಲ! ಎಲ್ಲ ಹುಡುಗಿಯರ ಹಾಗೆ ಗೆಳತಿಯರ ಜೊತೆ ಇರಬೇಕು, ಹೊಟ್ಟೆತುಂಬ ನಿದ್ದೆ ಮಾಡಬೇಕು ಅಂತ ಅವಳ ಆಸೆ. ಲೋಕ ಕಾಪಾಡುವ ಕೆಲಸ ಬಂತೆಂದರೆ ಗೊಣಗಿಕೊಂಡೇ ಹೋಗುತ್ತಾಳೆ. ಆದರೆ ಹೋಗುತ್ತಾಳೆ. ಓದುವವರಿಗೆ ನಗು ಬರುವುದು ಅಲ್ಲೇ.

ಈ ನಗು ನಮಗೆ ಯಾಕೆ ಬೇಕು? ನಮ್ಮ ಸೀಮೆಯ ವೀರ ಹೆಣ್ಣುಮಕ್ಕಳ ಕಥೆಗಳನ್ನು ಒಮ್ಮೆ ನೆನೆಸಿಕೊಳ್ಳಿ. ಕನ್ನಡದಲ್ಲಿ ‘ಕೆರೆಗೆ ಹಾರ’ದ ಭಾಗೀರಥಿ ಇದ್ದಾಳೆ. ಕೆರೆಗೆ ನೀರು ಬರಲೆಂದು ಕಿರಿಯ ಸೊಸೆ ಆಹುತಿಯಾದಳು. ತೆಲುಗಿನಲ್ಲಿ ನಮ್ಮ ಅನಂತಪುರದ ಪಕ್ಕದ ಬುಕ್ಕರಾಯಸಮುದ್ರದ ಮುಸಲಮ್ಮ ಇದ್ದಾಳೆ. ಹೆಸರು ಮುಸಲಮ್ಮ, ಅಂದರೆ ಮುದುಕಿ. ಆದರೆ ಕಥೆಯಲ್ಲಿ ಅವಳೂ ಹರೆಯದ ಸೊಸೆಯೇ. ಕೆರೆಯ ಕಟ್ಟೆ ಒಡೆಯಬಾರದೆಂದು ಪ್ರಾಣ ಕೊಟ್ಟಳು. ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ಅವಳ ಮೇಲೆ ಕಾವ್ಯವನ್ನೇ ಬರೆದರು. ಎರಡು ಭಾಷೆ, ಎರಡು ಕೆರೆ, ಇಬ್ಬರು ಸೊಸೆಯರು. ಕೊನೆ ಮಾತ್ರ ಒಂದೇ. ಚಿತ್ರದುರ್ಗದ ಒನಕೆ ಓಬವ್ವ ಕಾದಾಡಿ ಮಡಿದಳು. ಕಾಕತೀಯರ ರುದ್ರಮದೇವಿ ರಣರಂಗದಲ್ಲಿ ಸತ್ತಳು. ಕಿತ್ತೂರು ಚೆನ್ನಮ್ಮ 1829ರಲ್ಲಿ ಸೆರೆಯಲ್ಲೇ ಕಣ್ಣುಮುಚ್ಚಿದಳು.

ಇವರೆಲ್ಲರಿಗೂ ನಾವು ಕೈಮುಗಿಯಲೇಬೇಕು. ಆದರೆ ಹತ್ತು ವರ್ಷದ ಹುಡುಗಿ ಈ ಕಥೆಗಳನ್ನೇ ಕೇಳುತ್ತಾ ಬೆಳೆದರೆ ಅವಳ ಮನಸ್ಸಿನಲ್ಲಿ ಏನು ಉಳಿದೀತು? ಹೆಣ್ಣು ದೊಡ್ಡವಳಾಗಬೇಕಾದರೆ ಪ್ರಾಣ ಬಿಡಬೇಕು ಎಂದಲ್ಲವೆ? ಮಾಪುಯಿ ಹಾಗಲ್ಲ. ಕೆಲಸ ಮುಗಿಸಿ ಮನೆಗೆ ಬರುತ್ತಾಳೆ. ಮುಂದಿನ ಸಂಚಿಕೆಗೂ ಬದುಕಿರುತ್ತಾಳೆ. ದಣಿವಾಯಿತು ಅಂತ ಬಾಯಿಬಿಟ್ಟು ಹೇಳುತ್ತಾಳೆ. ನೀರು ಹೊತ್ತು, ಕಸಮುಸುರೆ ಮಾಡಿ, ತಮ್ಮನನ್ನು ಎತ್ತಿಕೊಂಡು, ಆಮೇಲೆ ಪುಸ್ತಕ ಹಿಡಿಯುವ ನಮ್ಮ ಹುಡುಗಿಯರಿಗೆ ಆ ಒಂದು ಮಾತು ಹೇಳುವ ಧೈರ್ಯ ಬಂದರೂ ಸಾಕು.

ಚಿತ್ರಕಥೆಗೂ ನಮ್ಮ ನಾಡಿಗೂ ಹಳೆಯ ನಂಟಿದೆ. ಟಿಂಕಲ್ಲನ್ನು 1980ರಲ್ಲಿ ಶುರುಮಾಡಿದ ಅನಂತ ಪೈ ಅವರು ಕಾರ್ಕಳದವರು. ಅವರ ಹೆಸರಿನ ಜೊತೆಗೇ ಬರುವ ‘ಅಮರ ಚಿತ್ರಕಥೆ’ಯ ಮೊದಲ ಹತ್ತು ಪುಸ್ತಕಗಳು ಬಂದದ್ದು ಕನ್ನಡದಲ್ಲಿ. ಅವು ಸಿಂಡರೆಲ್ಲಾ ಮೊದಲಾದ ಪರದೇಶದ ಕಥೆಗಳು. ಅದಕ್ಕೇ ಇಂಗ್ಲಿಷಿನ ‘ಕೃಷ್ಣ’ ಪುಸ್ತಕಕ್ಕೆ 11ನೆಯ ಸಂಖ್ಯೆ. ಸಿಂಡರೆಲ್ಲಾ ರಾಜಕುಮಾರ ಬರಲೆಂದು ಕಾದಳು. ಮಾಪುಯಿ ಯಾರಿಗೂ ಕಾಯುವುದಿಲ್ಲ. ಅಷ್ಟು ದೂರ ಬಂದಿದ್ದೇವೆ.

ಗಡಿಯವರಾದ ನಮಗೆ ಇನ್ನೊಂದು ಲಾಭವಿದೆ. ‘ಚಂದಮಾಮ’ 1947ರಲ್ಲಿ ತೆಲುಗಿನಲ್ಲಿ, 1949ರಲ್ಲಿ ಕನ್ನಡದಲ್ಲಿ ಬಂತು. ಬೇತಾಳ ಒಬ್ಬನೇ, ಮಾತು ಎರಡು. ಆ ಪತ್ರಿಕೆ ಈಗ ನಿಂತುಹೋಗಿದೆ. ಆದರೆ ಚಿತ್ರಕ್ಕೆ ಲಿಪಿಯ ಹಂಗಿಲ್ಲ. ರತ್ನಗಿರಿಯ ಒಂದು ಮಗು ಇಂಗ್ಲಿಷ್ ಪುಸ್ತಕ ಹಿಡಿದು, ಅಜ್ಜಿಗೆ ಕನ್ನಡದಲ್ಲಿ, ಪಕ್ಕದ ಮನೆಯ ಗೆಳತಿಗೆ ತೆಲುಗಿನಲ್ಲಿ ಅದೇ ಕಥೆ ಹೇಳಬಹುದು. ಗುದ್ದು ಬಿದ್ದಾಗಿನ ‘ಧಡಾರ್’ ಎಂಬ ಸದ್ದಿಗೆ ತರ್ಜುಮೆಯೇ ಬೇಡ. ಹೀಗೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಕಥೆ ದಾಟಿಸುವ ಮಗುವಿಗೆ ಮೂರು ಭಾಷೆಯೂ ಹತ್ತಿರವಾಗುತ್ತವೆ. ಶಾಲೆಯ ಪುಸ್ತಕದಲ್ಲಷ್ಟೇ ಉಳಿದ ಕನ್ನಡ ಒಣಗುತ್ತದೆ. ನಗಲಿಕ್ಕೂ ಬಳಸಿದ ಕನ್ನಡ ಹಸಿರಾಗಿರುತ್ತದೆ.

“ಇದು ಪರೀಕ್ಷೆಗೆ ಬರುತ್ತೇನೆ? ಏಳು, ಕಸ ಗುಡಿಸು” ಎನ್ನುವ ಹಿರಿಯರಿದ್ದಾರೆ. ಮಗ ಓದುತ್ತಿದ್ದರೆ ಸುಮ್ಮನಿರುತ್ತಾರೆ, ಮಗಳು ಓದುತ್ತಿದ್ದರೆ ಏಳಿಸುತ್ತಾರೆ. ಅಂಥವರಲ್ಲಿ ನನ್ನದೊಂದು ವಿನಂತಿ. ಪೊರಕೆಯನ್ನು ಒಂದು ದಿನ ಮಗನ ಕೈಗೆ ಕೊಡಿ. ಮಗಳು ಪುಸ್ತಕದ ಕೊನೆಯ ಪುಟದವರೆಗೂ ಓದಲಿ. ಆಮೇಲೆ ಅವಳನ್ನು ಹತ್ತಿರ ಕೂರಿಸಿಕೊಂಡು, “ಏನಾಯ್ತಮ್ಮ ಕಥೇಲಿ?” ಅಂತ ಕೇಳಿ. ಅವಳು ಹೇಳುತ್ತಾಳೆ. ಕನ್ನಡದಲ್ಲೋ ತೆಲುಗಿನಲ್ಲೋ, ಹೇಗಾದರೂ ಹೇಳಲಿ.