ಸೂರ್ಯನ ಬೆಳಕು, ಸರ್ಕಾರದ ಗುತ್ತಿಗೆ ಮತ್ತು ಸಣ್ಣ ಉದ್ಯಮಿ



ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಆಂಧ್ರದ ಗಡಿಗೆ ಅಂಟಿಕೊಂಡಿರುವ ಹೋಬಳಿ. ಇಂಥ ಊರುಗಳ ರಸ್ತೆ ಬದಿಯಲ್ಲಿ ನಡೆದು ಹೋದರೆ ನಿಮಗೆ ಕಾಣುವುದೇನು? ಮೋಟಾರ್ ರಿವೈಂಡಿಂಗ್ ಅಂಗಡಿ, ವೆಲ್ಡಿಂಗ್ ಷಾಪು, ಪಂಪ್‌ಸೆಟ್ ರಿಪೇರಿ ಮಾಡುವವರು, ವೈರಿಂಗ್ ಕೆಲಸದವರು. ಕೊಳವೆಬಾವಿ ಸಾವಿರ ಅಡಿ ದಾಟಿದ ಈ ಜಿಲ್ಲೆಯಲ್ಲಿ ಇವರಿಲ್ಲದೆ ಬೇಸಾಯವೇ ಇಲ್ಲ. ಆದರೂ ಸೌರ ವಿದ್ಯುತ್ತಿನ ಸರ್ಕಾರಿ ಕೆಲಸ ಬಂದಾಗ ಅದು ಬೆಂಗಳೂರಿನ, ಹೈದರಾಬಾದಿನ ಕಂಪನಿಗಳ ಪಾಲಾಗುತ್ತದೆ, ನಮಗೇನು ಸಿಗುತ್ತದೆ ಎಂಬ ಮಾತು ಇವರಲ್ಲಿ ಸಾಮಾನ್ಯ. ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಮಾತಿನ ಉದ್ದೇಶ.

ಸೌರಶಕ್ತಿ ಕೋಲಾರಕ್ಕೆ ಹೊಸದಲ್ಲ. ಕರ್ನಾಟಕ ವಿದ್ಯುತ್ ನಿಗಮವು ನಮ್ಮದೇ ಜಿಲ್ಲೆಯ ಯಳೇಸಂದ್ರದಲ್ಲಿ 3 ಮೆಗಾವಾಟ್ ಸೌರ ಸ್ಥಾವರವನ್ನು ನಿರ್ಮಿಸಿ 2010ರಲ್ಲಿ ನಾಡಿಗೆ ಅರ್ಪಿಸಿತು. ಆ ಗಾತ್ರದ ಸ್ಥಾವರ ವಿದ್ಯುತ್ ಜಾಲಕ್ಕೆ ಸೇರಿದ್ದು ದೇಶದಲ್ಲೇ ಮೊದಲಿನದು. ಇಂಥ ಸ್ಥಾವರವನ್ನು ಬಿಡಿಸಿ ನೋಡಿ. ಫಲಕ ಮತ್ತು ಇನ್ವರ್ಟರ್ ಮಾತ್ರ ದೊಡ್ಡ ಕಾರ್ಖಾನೆಯಿಂದ ಬರುತ್ತವೆ. ನೆಲ ಸಮತಟ್ಟು ಮಾಡುವುದು, ಅಡಿಪಾಯ, ಕಬ್ಬಿಣದ ಚೌಕಟ್ಟು, ಬೇಲಿ, ಕೇಬಲ್ ಕಾಲುವೆ, ಭೂಸಂಪರ್ಕ, ಆಮೇಲೆ ವರ್ಷವಿಡೀ ದೂಳು ತೊಳೆಯುವುದು, ಕಳೆ ತೆಗೆಯುವುದು, ಇವೆಲ್ಲ ಸ್ಥಳೀಯ ಕೈಗಳ ಕೆಲಸ. ಅಂದರೆ ಮುಖ್ಯ ಗುತ್ತಿಗೆ ಕೈಗೆಟುಕದಿದ್ದರೂ ಉಪಗುತ್ತಿಗೆ ನಿಮ್ಮದಾಗಬಹುದು. ಅನುಭವದ ಪ್ರಮಾಣಪತ್ರ ಸಂಪಾದಿಸಲು ಅದೇ ಮೊದಲ ಮೆಟ್ಟಿಲು.

ಈಗ ಕೆಲಸ ಎಲ್ಲೆಲ್ಲಿದೆ ಎಂಬುದನ್ನು ನೋಡೋಣ. ಮೊದಲನೆಯದು ಮನೆಯ ಮಾಳಿಗೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯ ಗುರಿ ಒಂದು ಕೋಟಿ ಮನೆಗಳು. ಎರಡು ಕಿಲೋವಾಟ್‌ವರೆಗೆ ಕಿಲೋವಾಟಿಗೆ 30,000 ರೂಪಾಯಿಯಂತೆ, ಮೂರು ಕಿಲೋವಾಟ್ ಮತ್ತು ಹೆಚ್ಚಿನದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನವನ್ನು ಅದು ನಿಗದಿ ಮಾಡಿತು. ಈ ಕೆಲಸ ಮಾಡುವವರು ನೋಂದಾಯಿತ ಮಾರಾಟಗಾರರಾಗಿರಬೇಕು, ಬ್ಯಾಂಕ್ ಖಾತರಿ ಕೊಡಬೇಕು, ಐದು ವರ್ಷ ನಿರ್ವಹಣೆಯ ಹೊಣೆ ಹೊರಬೇಕು.

ಎರಡನೆಯದು ಹೊಲ. 2019ರಲ್ಲಿ ಬಂದ ಪಿಎಂ-ಕುಸುಮ್ ಯೋಜನೆಯಲ್ಲಿ ಮೂರು ಭಾಗಗಳು: ರೈತರ ಜಮೀನಿನಲ್ಲಿ ಸಣ್ಣ ಸ್ಥಾವರ, ಜಾಲದಿಂದ ದೂರವಿರುವ ಬಾವಿಗೆ ಸೌರ ಪಂಪು, ಮತ್ತು ಪಂಪ್‌ಸೆಟ್ ಫೀಡರುಗಳಿಗೆ ಸೌರ ವಿದ್ಯುತ್ತು. ಮೂರನೆಯ ಭಾಗದ ಒಂದು ಸ್ಥಾವರ 2025ರ ಜೂನ್‌ನಲ್ಲಿ ನೆರೆಯ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿ ಉದ್ಘಾಟನೆಯಾಯಿತು. ಪಂಪು ಒದಗಿಸುವವರು ದೊಡ್ಡವರೇ. ಆದರೆ ಬಾವಿಯೊಳಗಿನ ಮೋಟಾರು ಕೆಟ್ಟಾಗ ಮೇಲೆತ್ತಲು ಅವರಿಗೂ ನೀವೇ ಬೇಕು. ಆದ್ದರಿಂದ ಅವರ ಸೇವಾ ಕೇಂದ್ರವಾಗಲು ಲಿಖಿತ ಒಪ್ಪಂದ ಕೇಳಿ. ಬಾಯಿಮಾತಿನ ಮೇಲೆ ಕೆಲಸ ಮಾಡಬೇಡಿ.

ಮೂರನೆಯದು ಶಾಲೆ, ಆಸ್ಪತ್ರೆ, ಪಂಚಾಯಿತಿ ಕಚೇರಿಗಳ ಮಾಳಿಗೆ ಹಾಗೂ ಸೌರ ಬೀದಿದೀಪ. ಇಲ್ಲಿ ಟೆಂಡರು ನೇರವಾಗಿ ಎದುರಾಗುತ್ತದೆ.

ಟೆಂಡರಿಗೆ ಸಿದ್ಧತೆ ಹೇಗೆ? ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಜಾರಿಯಲ್ಲಿದೆ. ಅದಕ್ಕೆ ಶುಲ್ಕವಿಲ್ಲ. ಹಣ ಕೇಳುವ ಮಧ್ಯವರ್ತಿಯ ಬಳಿಗೆ ಹೋಗಬೇಡಿ. ವಿದ್ಯುತ್ ಕೆಲಸಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ಗುತ್ತಿಗೆದಾರರ ಪರವಾನಗಿ ಬೇಕು. ಜಿಎಸ್‌ಟಿ ನೋಂದಣಿ ಮತ್ತು ಡಿಜಿಟಲ್ ಸಹಿ ಬೇಕು. ರಾಜ್ಯದ ಟೆಂಡರುಗಳು 1999ರ ಪಾರದರ್ಶಕತೆ ಕಾಯ್ದೆಯ ಅಡಿಯಲ್ಲಿ ನಡೆಯುತ್ತವೆ. ಅವುಗಳಿಗೆ ರಾಜ್ಯದ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್ ಇದೆ. 2016ರಲ್ಲಿ ಆರಂಭವಾದ ‘ಜೆಮ್’ ಕೇಂದ್ರ ಸರ್ಕಾರದ ಖರೀದಿ ಮಾರುಕಟ್ಟೆ.

ಕೇಂದ್ರದ ಇಲಾಖೆಗಳು ಮತ್ತು ಉದ್ದಿಮೆಗಳು ತಮ್ಮ ಖರೀದಿಯಲ್ಲಿ ಶೇಕಡ 20ನ್ನು ಕಿರು ಮತ್ತು ಸಣ್ಣ ಉದ್ಯಮಗಳಿಂದ ಪಡೆಯಬೇಕೆಂದು 2012ರ ಆದೇಶ ಹೇಳಿತು. 2018ರಲ್ಲಿ ಅದು ಶೇಕಡ 25ಕ್ಕೆ ಏರಿತು. ಇದರಲ್ಲಿ ಪರಿಶಿಷ್ಟ ಜಾತಿ, ಪಂಗಡದ ಉದ್ಯಮಿಗಳಿಗೆ ಶೇಕಡ 4, ಮಹಿಳೆಯರಿಗೆ ಶೇಕಡ 3. ಟೆಂಡರು ಫಾರಂ ಉಚಿತ, ಇಎಂಡಿ ಠೇವಣಿಗೆ ವಿನಾಯಿತಿ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಸೌಲಭ್ಯ ತಯಾರಕರಿಗೆ ಮತ್ತು ಸೇವೆ ಒದಗಿಸುವವರಿಗೆ ಮಾತ್ರ. ಫಲಕ ಕೊಂಡು ಮಾರುವ ವ್ಯಾಪಾರಿಗೆ ಇದು ಅನ್ವಯಿಸದು. ರಾಜ್ಯದ ಕಾಮಗಾರಿಗಳಲ್ಲಿ ಪರಿಶಿಷ್ಟ ಗುತ್ತಿಗೆದಾರರಿಗೆ ಮೀಸಲಾತಿ ಮೊದಲು 50 ಲಕ್ಷ ರೂಪಾಯಿವರೆಗಿನ ಕೆಲಸಗಳಿಗಿತ್ತು. 2023ರಲ್ಲಿ ಆ ಮಿತಿ ಒಂದು ಕೋಟಿಗೆ ಏರಿತು.

ಇಷ್ಟೆಲ್ಲ ಕೇಳಿ ಉತ್ಸಾಹ ಬಂದಿರಬಹುದು. ಆದರೆ ಸಣ್ಣ ಉದ್ಯಮಿ ಮುಳುಗುವುದು ಕೆಲಸ ಸಿಗದೆ ಅಲ್ಲ. ಎಷ್ಟೋ ಸಲ ಕೆಲಸ ಸಿಕ್ಕಿಯೇ ಮುಳುಗುತ್ತಾನೆ. ಒಂದು ಲೆಕ್ಕ ಹಾಕಿ ನೋಡಿ. ನೀವು ಶಾಲೆಯ ಮಾಳಿಗೆಗೆ 5 ಲಕ್ಷ ರೂಪಾಯಿಯ ಕೆಲಸ ಹಿಡಿದಿರಿ ಎಂದುಕೊಳ್ಳೋಣ. ಶೇಕಡ 8ರಂತೆ ಲಾಭ 40,000 ರೂಪಾಯಿ. ಸಾಮಾನಿಗೆ 4 ಲಕ್ಷವನ್ನು ಶೇಕಡ 12ರ ಬಡ್ಡಿಗೆ ಸಾಲ ತಂದಿದ್ದೀರಿ. ಬಿಲ್ಲು ಆರು ತಿಂಗಳು ತಡವಾದರೆ ಬಡ್ಡಿಯೇ 24,000 ರೂಪಾಯಿ. ಉಳಿದದ್ದು 16,000. ಅದರಲ್ಲಿ ಐದು ವರ್ಷ ನಿರ್ವಹಣೆಗೆ ಓಡಾಡಬೇಕು. ಸಾಲ ಕೈಗಡವಾಗಿದ್ದು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯಾದರೆ ಆರು ತಿಂಗಳಿಗೆ 48,000. ಲಾಭವೂ ಹೋಯಿತು, ಗಂಟಿನಿಂದಲೂ 8,000 ಹೋಯಿತು. ಪಕ್ಕದವನನ್ನು ಸೋಲಿಸಲೆಂದು ದರ ಇನ್ನೂ ಇಳಿಸಿದ್ದರೆ ಹೇಳುವುದೇ ಬೇಡ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಟೆಂಡರು ಹಾಕುವವನಿಗೇ ಹೇಳಿದಂತಿದೆ.

ಬಾಕಿ ಹಣಕ್ಕೆ ಕಾನೂನಿನ ರಕ್ಷಣೆ ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ, ಲಿಖಿತ ಒಪ್ಪಂದವಿದ್ದರೂ ಸರಕು ಅಥವಾ ಸೇವೆ ಒಪ್ಪಿಕೊಂಡ 45 ದಿನಗಳೊಳಗೆ ಹಣ ಪಾವತಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ದೂರು ಕೇಳಲು ಸೌಲಭ್ಯ ಮಂಡಳಿ ಇದೆ. ಇದರ ಪ್ರಯೋಜನ ಬೇಕೆಂದರೆ ಕೆಲಸ ಒಪ್ಪಿಕೊಳ್ಳುವ ಮೊದಲೇ ಉದ್ಯಮ್ ನೋಂದಣಿ ಆಗಿರಲಿ. ಪ್ರತಿ ಸಾಮಾನಿಗೂ ಸ್ವೀಕೃತಿಯ ರುಜು ಮತ್ತು ದಿನಾಂಕ ಇರಲಿ. ಕಾಗದವಿಲ್ಲದ ಹಕ್ಕು ನೀರಿಲ್ಲದ ಬಾವಿಯಂತೆ.

ಹಣದಷ್ಟೇ ಮುಖ್ಯ ಗಡುವು. 2014ರಲ್ಲಿ ರಾಜ್ಯ ಸರ್ಕಾರ ರೈತರ ಜಮೀನಿನಲ್ಲಿ 1ರಿಂದ 3 ಮೆಗಾವಾಟ್ ಸೌರ ಸ್ಥಾವರಗಳಿಗೆ ಅವಕಾಶ ಕೊಟ್ಟಿತು. ಯೂನಿಟ್ಟಿಗೆ 8 ರೂಪಾಯಿ 40 ಪೈಸೆ ದರ. ಭೂ ಪರಿವರ್ತನೆ, ಲೈನಿನ ಅನುಮತಿ ಮುಂತಾದ ಕಾರಣಗಳಿಂದ ಅನೇಕ ಸ್ಥಾವರಗಳು ತಡವಾದವು. ಅಷ್ಟರಲ್ಲಿ ಸೌರ ವಿದ್ಯುತ್ತಿನ ಮಾರುಕಟ್ಟೆ ದರ ಕುಸಿದಿತ್ತು. ವಿದ್ಯುತ್ ನಿಯಂತ್ರಣ ಆಯೋಗ ತಡವಾದವರ ದರ ಇಳಿಸಿತು, ವ್ಯಾಜ್ಯಗಳು ಮೇಲ್ಮನವಿಯವರೆಗೂ ಹೋದವು. ವಿಳಂಬಕ್ಕೆ ಕಾರಣ ಯಾರೇ ಇರಲಿ, ಬ್ಯಾಂಕಿನ ಕಂತು ಮಾತ್ರ ಕಾಯುವುದಿಲ್ಲ. ಆದ್ದರಿಂದ ಒಪ್ಪಂದದಲ್ಲಿ ಗಡುವು, ದಂಡ, ಅವಧಿ ವಿಸ್ತರಣೆಯ ಷರತ್ತು ಈ ಮೂರನ್ನು ಮೊದಲು ಓದಿ. ಇಲಾಖೆಯಿಂದ ತಡವಾದರೆ ಅಂದೇ ಪತ್ರ ಬರೆದು ಪ್ರತಿ ಇಟ್ಟುಕೊಳ್ಳಿ.

ಕೊನೆಯದಾಗಿ, ಸೂರ್ಯನ ಬೆಳಕನ್ನು ಸರ್ಕಾರಕ್ಕೇ ಮಾರಬೇಕೆಂದಿಲ್ಲ. ಶ್ರೀನಿವಾಸಪುರ ಮಾವಿನ ಸೀಮೆ. 2025ರ ಜೂನ್‌ನಲ್ಲಿ ತೋತಾಪುರಿ ಬೆಲೆ ಕುಸಿದು, ಆಂಧ್ರದ ಚಿತ್ತೂರಿಗೆ ನಮ್ಮ ಹಣ್ಣು ಹೋಗದಂತೆ ತಡೆ ಬಿದ್ದಾಗ, ಕೇಂದ್ರ ಸರ್ಕಾರ ಕ್ವಿಂಟಾಲಿಗೆ 1,616 ರೂಪಾಯಿ ದರದ ಮೇಲೆ ಮಧ್ಯಪ್ರವೇಶಿಸಬೇಕಾಯಿತು. ಸೌರ ಒಣಗಿಸುವ ಯಂತ್ರದಲ್ಲಿ ಮಾವನ್ನು ಹಪ್ಪಳವಾಗಿ, ಹೋಳಾಗಿ ಒಣಗಿಸುವ ಘಟಕಗಳು ಊರಲ್ಲೇ ಇದ್ದರೆ ಬೆಳೆಯ ಒಂದು ಪಾಲಾದರೂ ಮಂಡಿಯ ಮರ್ಜಿಯಿಂದ ತಪ್ಪಿಸಿಕೊಳ್ಳುತ್ತದೆ. 2020ರ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಶೇಕಡ 35ರ ಕೇಂದ್ರ ಸಹಾಯಧನಕ್ಕೆ ನಮ್ಮ ರಾಜ್ಯ ಶೇಕಡ 15 ಸೇರಿಸಿತು. ಆ ಯಂತ್ರದ ಚೌಕಟ್ಟನ್ನು ನಿಮ್ಮೂರಿನ ವೆಲ್ಡಿಂಗ್ ಷಾಪಿನವರೇ ಮಾಡಬಲ್ಲರು.

ಯೋಜನೆಗಳ ಅವಧಿ, ದರ, ಮಿತಿಗಳು ಬದಲಾಗುತ್ತಲೇ ಇರುತ್ತವೆ. ಹೆಜ್ಜೆ ಇಡುವ ಮೊದಲು ಕೋಲಾರದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ, ಬೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ. ಒಬ್ಬ ವೆಲ್ಡರು, ಒಬ್ಬ ವಿದ್ಯುತ್ ಗುತ್ತಿಗೆದಾರ, ಲೆಕ್ಕ ಬಲ್ಲ ಒಬ್ಬ ಯುವಕ ಅಥವಾ ಯುವತಿ ಒಂದು ಪಾಲುದಾರಿಕೆ ಮಾಡಿಕೊಂಡರೆ ಮೊದಲ ಟೆಂಡರಿಗೆ ಬೇಕಾದ ಕೈಗಳು ಕೂಡಿದಂತೆ. ಮೊದಲ ಕೆಲಸ ಚಿಕ್ಕದಿರಲಿ, ಚೊಕ್ಕವಾಗಿರಲಿ. ಎರಡನೆಯದನ್ನು ಕೇಳಲು ಅದೇ ನಿಮ್ಮ ಶಿಫಾರಸು.