ಅಂದಳೋ, ಅಂದರೋ?

ಈ ವರ್ಷ ಕೊನೆಯ ತರಗತಿಯವರೆಲ್ಲ ಕನ್ನಡದಲ್ಲಿ ಒಂದು ಸಣ್ಣ ಕಥೆ ಬರೆಯಬೇಕಿತ್ತು. ಕಥೆಯಲ್ಲಿ ಯಾರಾದರೂ ಮಾತಾಡಿದ ಮೇಲೆ 'ಅಂದ', 'ಅಂದಳು', 'ಅಂದರು' ಅಂತ ಬರುತ್ತದಲ್ಲ, ಇವತ್ತು ಆ ಒಂದು ಪದದ ಬಗ್ಗೆ ಮಾತ್ರ ಹೇಳುತ್ತೇನೆ. ಮೂರು ಪುಟದ ಕಥೆಯಲ್ಲಿ ನನಗೆ ಅತಿ ಹೆಚ್ಚು ಹೊತ್ತು ಹಿಡಿದದ್ದು ಅದೇ.

ಇಲ್ಲಿ ಅಮೆರಿಕದಲ್ಲಿ ನಾವು ಇಂಗ್ಲಿಷ್ ಕಥೆ ಬರೆಯುವಾಗ ಚಿಕ್ಕ ತರಗತಿಗಳಲ್ಲಿ 'ಸೆಡ್' ಬೇಡ, ಬೇರೆ ಬೇರೆ ಕ್ರಿಯಾಪದ ಹಾಕಿ ಅನ್ನುತ್ತಾರೆ. ದೊಡ್ಡವರಾದ ಮೇಲೆ ಉಲ್ಟಾ. ಕಾದಂಬರಿಕಾರ ಎಲ್ಮೋರ್ ಲೆನರ್ಡ್ 2001ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದ ನಿಯಮಗಳಲ್ಲಿ ಒಂದು, 'ಸೆಡ್' ಬಿಟ್ಟು ಬೇರೇನೂ ಬಳಸಬೇಡಿ ಅನ್ನುವುದು. ಮಾತು ಪಾತ್ರದ್ದು, ಅಲ್ಲಿ ಲೇಖಕ ಅಡ್ಡ ಬರಬಾರದು ಅನ್ನುವುದು ಅವರ ವಾದ.

ಕನ್ನಡದಲ್ಲಿ ಲೇಖಕ ಅಡ್ಡ ಬರದೇ ಇರಲು ಆಗುವುದೇ ಇಲ್ಲ! 'ಸೆಡ್' ಅಜ್ಜಿಗೂ ಒಂದೇ, ಕಳ್ಳನಿಗೂ ಒಂದೇ. ನಮ್ಮಲ್ಲಿ ಅಂದ, ಅಂದಳು, ಅಂದರು, ಮಗುವಾದರೆ ಅಂದಿತು. ಅವರು ನಮಗೆ ಏನಾಗಬೇಕು ಅನ್ನುವುದೂ ಆ ಪದದೊಳಗೇ ಇದೆ. (ಮಗು ಯಾವ ವಯಸ್ಸಿಗೆ 'ಅಂದಿತು' ಬಿಟ್ಟು 'ಅಂದಳು' ಆಗುತ್ತದೆ ಎಂದು ನಮ್ಮ ಟೀಚರನ್ನು ಕೇಳಿದೆ. "ಎದುರು ಮಾತಾಡೋಕೆ ಶುರು ಮಾಡಿದಾಗ" ಅಂದರು.)

ಇನ್ನೊಂದು ವಿಷಯ ನೀವೂ ಗಮನಿಸಿರಬಹುದು. ಎಷ್ಟೋ ಮನೆಗಳಲ್ಲಿ ಅಪ್ಪ 'ಅಂದರು', ಅಮ್ಮ 'ಅಂದಳು'. ನಮ್ಮ ಮನೆಯಲ್ಲೂ ಹಾಗೇ. ಇದು ಅನ್ಯಾಯ ಅಂತ ಒಂದು ಕಡೆ 'ಅಮ್ಮ ಅಂದರು' ಎಂದು ಬರೆದು ನೋಡಿದೆ. ಅಮ್ಮ ಪಕ್ಕದ ಮನೆ ಆಂಟಿ ಆಗಿಬಿಟ್ಟಳು. ತಿರುಗಿ 'ಅಂದಳು' ಮಾಡಿದೆ. ಏಕವಚನದಲ್ಲಿ ಸಲಿಗೆಯೂ ಇರುತ್ತದೆ, ತಾತ್ಸಾರವೂ ಇರುತ್ತದೆ. ಯಾವುದು ಎಂದು ಪದ ನೋಡಿ ಹೇಳಲು ಆಗುವುದಿಲ್ಲ.

ನನ್ನ ಕಥೆ ಮೈಸೂರಿನ ಒಂದು ಮನೆಯ ಹಿತ್ತಲಲ್ಲಿ ನಡೆಯುತ್ತದೆ. ಅಲ್ಲಿರುವುದು ಇಬ್ಬರೇ. ಒಬ್ಬರು ಅಜ್ಜಿ, ಇನ್ನೊಬ್ಬರು ನಲವತ್ತು ವರ್ಷದಿಂದ ಆ ಮನೆಯ ಪಾತ್ರೆ ತೊಳೆಯುತ್ತಿರುವ ಹೆಂಗಸು. ಇಬ್ಬರಿಗೂ ಎಪ್ಪತ್ತು ದಾಟಿದೆ. ಇಂಗ್ಲಿಷಿನಲ್ಲಿ ಯೋಚಿಸುತ್ತಿದ್ದಷ್ಟು ಹೊತ್ತು ತೊಂದರೆ ಇರಲಿಲ್ಲ. ಕನ್ನಡದಲ್ಲಿ ಬರೆಯಲು ಕೂತಾಗ ಅಜ್ಜಿ 'ಅಂದರು', ಸರಿ. ಆಕೆ?

"ಅಂದಳು ಅಂತ ಹಾಕು, ಎಲ್ಲರೂ ಹಾಗೇ ಬರೆಯೋದು" ಅಂದಳು ಅಮ್ಮ. ಅಪ್ಪನದು ಬೇರೆ ತಕರಾರು. "ಇಬ್ಬರಿಗೂ ಅಂದರು ಹಾಕಿದರೆ ಯಾರು ಮಾತಾಡಿದ್ದು ಅಂತ ಗೊತ್ತಾಗೋದು ಹೇಗೆ?" ಇದು ನಿಜವಾದ ಕಷ್ಟ. ಅಂದರು, ಅಂದರು, ಅಂದರು ಅಂತ ಹತ್ತು ಸಾಲು ಬಂದರೆ ಓದುವವರಿಗೆ ತಲೆ ತಿರುಗುತ್ತದೆ.

ಕೊನೆಗೆ 'ಅಂದರು'ಗಳನ್ನೇ ಆದಷ್ಟು ತೆಗೆದೆ. ಅಜ್ಜಿ "ಏನೇ, ಈಗ ಬಂದ್ಯಾ?" ಅಂತ ಕೇಳಿದರೆ, ಉತ್ತರ "ಬಸ್ಸು ಸಿಗ್ಲಿಲ್ಲ ಅಮ್ಮಾವ್ರೇ" ಅಂತ ಬರುತ್ತದೆ. ಯಾರ ಮಾತು ಎಂದು ಬೇರೆ ಹೇಳಬೇಕಾಗಿಲ್ಲ. ಬೇಕಾದ ಕಡೆ ಕೆಲಸ ತೋರಿಸಿದೆ. ಒಬ್ಬರು ಹುಣಸೆಹಣ್ಣು ಹಚ್ಚಿ ತಂಬಿಗೆ ಉಜ್ಜುತ್ತಾರೆ, ಇನ್ನೊಬ್ಬರು ಮೆಟ್ಟಿಲ ಮೇಲೆ ಕೂತು ಕಾಲು ನೀವಿಕೊಳ್ಳುತ್ತಾರೆ. ಅಜ್ಜಿ 'ಏನೇ' ಅನ್ನುವುದನ್ನು ನಾನು ಬದಲಾಯಿಸಲಿಲ್ಲ, ಅದು ಅವರಿಬ್ಬರ ನಡುವೆ ಇರುವಂಥದ್ದು. ಆದರೆ 'ಅಂದರು' ನನ್ನ ಮಾತು. ಎಪ್ಪತ್ತು ದಾಟಿದವರ ಬಗ್ಗೆ ಹದಿನಾರು ವರ್ಷದ ನಾನು ಆಡುವ ಮಾತು. ಉಳಿದ ನಾಲ್ಕು ಕಡೆಯೂ ಇಬ್ಬರಿಗೂ 'ಅಂದರು' ಅಂತಲೇ ಇಟ್ಟೆ.

ಫೋನಿನಲ್ಲಿ ನಮ್ಮ ಅಜ್ಜಿಗೆ ಕಥೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳಿಗೂ ಅಂದರು ಅಂತ ಹಾಕಿದ್ದೀಯಲ್ಲೇ" ಅಂದರು. ಬೈದದ್ದೋ ಹೊಗಳಿದ್ದೋ ತಿಳಿಯಲಿಲ್ಲ. ಮರುವಾರ ಅವರೇ ಫೋನ್ ಮಾಡಿ, ತಮ್ಮ ಮನೆಗೆ ಕೆಲಸಕ್ಕೆ ಬರುವವರಿಗೂ ಓದಿ ಹೇಳಬೇಕು, ಕಥೆ ಕಳಿಸು ಎಂದು ಕೇಳಿದರು.

ಟೀಚರುಗಳಿಗೆ ಒಂದು ವಿನಂತಿ. ನಮಗೆ ಬಹುವಚನ ಕಲಿಸಿದ್ದು ಕೋಷ್ಟಕದಲ್ಲಿ. ಅವನು-ಅಂದನು, ಅವಳು-ಅಂದಳು, ಅವರು-ಅಂದರು ಎಂದು ಬಾಯಿಪಾಠ ಮಾಡಿದೆವು. ಮುಂದಿನ ವರ್ಷದವರಿಗೆ ಒಂದು ಜಗಳದ ಸಂಭಾಷಣೆ ಕೊಟ್ಟು, ಪ್ರತಿ ಮಾತಿನ ಮುಂದೆ ಜಾಗ ಖಾಲಿ ಬಿಡಿ. ಯಾರಿಗೆ 'ಅಂದಳು', ಯಾರಿಗೆ 'ಅಂದರು' ಅಂತ ಅವರೇ ತುಂಬಲಿ. ತರಗತಿಯಲ್ಲಿ ಇನ್ನೊಂದು ಜಗಳ ಖಂಡಿತ ಆಗುತ್ತದೆ.